ಹಾರಬಲ್ಲವರೆಲ್ಲ ತಂಡದಲ್ಲಿ ಉಳಿಯುವರೇ?
ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಲ್ಲಿ ಹೊಸಬರ ಆಯ್ಕೆಯ ಇತಿಹಾಸ



ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಇಪ್ಪತ್ತರ ಆಸುಪಾಸಿನ ತರುಣ. ಎತ್ತರ ಆರೂವರೆ ಅಡಿಗೂ ಹೆಚ್ಚು. ಓಟದಲ್ಲಿ ಅವನನ್ನು ಹಿಡಿಯುವವರಿಲ್ಲ; ನೆಗೆದರೆ ಹತ್ತು ಅಡಿ ಎತ್ತರದ ಬುಟ್ಟಿ ಅವನ ಮೊಣಕೈ ಮಟ್ಟಕ್ಕೆ ಬರುತ್ತದೆ. ಆದರೆ ಚೆಂಡು ಕೈಗೆ ಸಿಕ್ಕರೆ ಮುಂದೇನು ಮಾಡಬೇಕೆಂದು ತಿಳಿಯದು. ದೂರದಿಂದ ಎಸೆದರೆ ಗುರಿ ತಪ್ಪುತ್ತದೆ. ತಂಡದಲ್ಲಿ ಉಳಿದಿರುವುದು ಒಂದೇ ಸ್ಥಾನ. ಅದೇ ಸ್ಥಾನಕ್ಕೆ ಹತ್ತು ವರ್ಷ ಆಡಿ ಪಳಗಿದ, ಆದರೆ ಇನ್ನು ಮೇಲೇರಲಾರದ ಮತ್ತೊಬ್ಬ ಆಟಗಾರನೂ ಕಾದು ನಿಂತಿದ್ದಾನೆ. ತರಬೇತುದಾರರು ಯಾರನ್ನು ಆರಿಸಬೇಕು?

ಅಮೆರಿಕದ ವೃತ್ತಿಪರ ತಂಡಗಳು ಪ್ರತಿ ವರ್ಷವೂ ಎದುರಿಸುವ ಪ್ರಶ್ನೆ ಇದು. ಒಂದು ತಪ್ಪು ತೀರ್ಮಾನದಿಂದ ತಂಡ ವರ್ಷಗಟ್ಟಲೆ ಹಿಂದೆ ಬಿದ್ದದ್ದುಂಟು. ಒಬ್ಬ ತರುಣನ ಬದುಕಿನ ದಿಕ್ಕೇ ಬದಲಾದದ್ದೂ ಉಂಟು. ಈ ತೀರ್ಮಾನಗಳ ಇತಿಹಾಸವನ್ನು ನೋಡಿದರೆ ಮನುಷ್ಯರು ಮನುಷ್ಯರನ್ನು ಅಳೆಯುವ ರೀತಿಯ ಬಗ್ಗೆ ನಮಗೆ ಕೆಲವು ಪಾಠಗಳು ಸಿಗುತ್ತವೆ.

ಬಾಗಿಲು ತೆರೆದ ಬಗೆ

1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಹೊಸ ಆಟವೊಂದನ್ನು ರೂಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿಗಳು, 13 ನಿಯಮಗಳು, ಕಡೆಗೆ ಒಂಬತ್ತರಂತೆ 18 ಆಟಗಾರರು, ಇಷ್ಟೇ ಬಂಡವಾಳ. ಅಲ್ಲಿಂದ ಸುಮಾರು ಅರ್ಧ ಶತಮಾನದ ನಂತರ, 1946ರಲ್ಲಿ ಒಂದು ವೃತ್ತಿಪರ ಸಂಘ ಹುಟ್ಟಿತು. 1949ರಲ್ಲಿ ಅದು ಇನ್ನೊಂದು ಸಂಘದೊಡನೆ ಕೂಡಿ, ಇಂದು ಜಗತ್ತಿಗೆಲ್ಲ ಪರಿಚಿತವಾದ ಎನ್‌ಬಿಎ ಆಯಿತು.

ಹೊಸ ಆಟಗಾರರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುವ 'ಡ್ರಾಫ್ಟ್' ಪದ್ಧತಿ 1947ರಲ್ಲಿ ಆರಂಭವಾಯಿತು. ಆಗ ಒಂದು ಕಟ್ಟುಪಾಡಿತ್ತು. ಪ್ರೌಢಶಾಲೆ ಮುಗಿದು ನಾಲ್ಕು ವರ್ಷ ಕಳೆಯದೆ ಯಾರೂ ಈ ಸಂಘದಲ್ಲಿ ಆಡುವಂತಿರಲಿಲ್ಲ. ಅಂದರೆ ಕಾಲೇಜು ತಂಡಗಳೇ ಆಟಗಾರರನ್ನು ಪಳಗಿಸಿ ಕಳಿಸುತ್ತಿದ್ದವು. ವೃತ್ತಿಪರ ತಂಡಗಳು ನೋಡುತ್ತಿದ್ದುದು ಬಹುಮಟ್ಟಿಗೆ ಸಿದ್ಧವಾದ ಆಟವನ್ನು.

ಈ ಕಟ್ಟನ್ನು ಮುರಿದವರು ಸ್ಪೆನ್ಸರ್ ಹೇವುಡ್. ಸಿಯಾಟಲ್ ತಂಡ ಇವರನ್ನು ನಾಲ್ಕು ವರ್ಷ ತುಂಬುವ ಮೊದಲೇ ಸೇರಿಸಿಕೊಂಡಿತು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1971ರಲ್ಲಿ ಗೆಲುವು ಹೇವುಡ್ ಅವರದಾಯಿತು. 1974ರಲ್ಲಿ ಮೋಸೆಸ್ ಮ್ಯಾಲೋನ್ ಪ್ರೌಢಶಾಲೆಯಿಂದ ನೇರವಾಗಿ ಪ್ರತಿಸ್ಪರ್ಧಿ ಸಂಘವಾದ ಎಬಿಎಯ ಯೂಟಾ ತಂಡಕ್ಕೆ ಬಂದರು. ಮುಂದೆ ಅವರು ಎನ್‌ಬಿಎಯಲ್ಲಿ ಮೂರು ಬಾರಿ ವರ್ಷದ ಶ್ರೇಷ್ಠ ಆಟಗಾರರಾದರು. 1995ರಲ್ಲಿ ಕೆವಿನ್ ಗಾರ್ನೆಟ್ ಹೀಗೆಯೇ ಪ್ರೌಢಶಾಲೆಯಿಂದ ನೇರವಾಗಿ ಬಂದ ಮೇಲೆ ಆ ದಾರಿಯಲ್ಲಿ ಜನಸಂದಣಿಯೇ ಆಯಿತು. ಈಗ ತಂಡಗಳು ಅಳೆಯಬೇಕಾದದ್ದು ಆದ ಆಟವನ್ನಲ್ಲ, ಆಗಬಹುದಾದ ಆಟವನ್ನು.

ಈ ಅಳತೆ ಎಷ್ಟು ಕಷ್ಟವೆಂಬುದು ಬೇಗನೆ ತಿಳಿಯಿತು. 2001ರಲ್ಲಿ ಪ್ರೌಢಶಾಲೆಯ ಕ್ವಾಮೆ ಬ್ರೌನ್ ಅವರನ್ನು ವಾಷಿಂಗ್ಟನ್ ತಂಡ ಮೊಟ್ಟಮೊದಲನೆಯವರಾಗಿ ಆರಿಸಿತು. ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದರೂ ಮೊದಲ ಆಯ್ಕೆಯ ನಿರೀಕ್ಷೆಯನ್ನು ತುಂಬಲಾಗಲಿಲ್ಲ. ಕೊನೆಗೆ 2005ರ ಒಪ್ಪಂದದಲ್ಲಿ, ಅಮೆರಿಕದ ಆಟಗಾರನಿಗೆ 19 ವರ್ಷ ತುಂಬುವ ವರ್ಷವಾಗಿರಬೇಕು ಮತ್ತು ಪ್ರೌಢಶಾಲೆ ಮುಗಿದು ಒಂದು ವರ್ಷವಾದರೂ ಕಳೆದಿರಬೇಕು ಎಂಬ ನಿಯಮ ಬಂದಿತು.

ರಾಡ್ಮನ್: ಬೇಕಾದ ಒಂದು ಕೆಲಸ

ಡೆನ್ನಿಸ್ ರಾಡ್ಮನ್ ಅವರ ಕಥೆಯನ್ನು ನೋಡಿ. ಪ್ರೌಢಶಾಲೆಯಲ್ಲಿದ್ದಾಗ ಅವರು ಕುಳ್ಳಗಿದ್ದರು. ತಂಡದಲ್ಲಿ ಗಮನ ಸೆಳೆದವರಲ್ಲ. ಶಾಲೆ ಮುಗಿದ ಮೇಲೆ ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದ ಕಾಲದಲ್ಲಿ ದಿಢೀರನೆ ಬೆಳೆದು ಆರೂವರೆ ಅಡಿ ದಾಟಿದರು. ಓಕ್ಲಹೋಮಾದ ಸಣ್ಣ ಕಾಲೇಜೊಂದರಲ್ಲಿ ಆಡಿ ಪಂದ್ಯಕ್ಕೆ ಸರಾಸರಿ 25ಕ್ಕೂ ಹೆಚ್ಚು ಅಂಕ, 15ಕ್ಕೂ ಹೆಚ್ಚು ರೀಬೌಂಡ್ ಗಳಿಸಿದರು. ಆದರೆ ಎದುರಾಳಿಗಳೂ ಸಣ್ಣ ಕಾಲೇಜುಗಳವರೇ. ಹಾಗಾಗಿ ಈ ಅಂಕಿಗಳನ್ನು ಎಷ್ಟು ನಂಬಬೇಕೆಂಬ ಅನುಮಾನ ಸಹಜವಾಗಿತ್ತು. ಅಷ್ಟು ಹೊತ್ತಿಗೆ ಅವರಿಗೆ ವಯಸ್ಸೂ 25 ಆಗಿತ್ತು.

1986ರಲ್ಲಿ ಡೆಟ್ರಾಯಿಟ್ ಪಿಸ್ಟನ್ಸ್ ತಂಡ ಅವರನ್ನು ಎರಡನೆಯ ಸುತ್ತಿನಲ್ಲಿ, ಒಟ್ಟು 27ನೆಯವರಾಗಿ ಆರಿಸಿತು. ಆ ತಂಡದಲ್ಲಿ ಅಂಕ ಗಳಿಸುವವರಿಗೆ ಕೊರತೆಯಿರಲಿಲ್ಲ. ಐಸಯಾ ಥಾಮಸ್, ಏಡ್ರಿಯನ್ ಡಾಂಟ್ಲಿ, ವಿನ್ನಿ ಜಾನ್ಸನ್ ಎಲ್ಲರೂ ಇದ್ದರು. ಬೇಕಾಗಿದ್ದುದು ಎದುರಾಳಿಯ ಬೆನ್ನು ಬಿಡದೆ ಓಡುವ, ತಪ್ಪಿದ ಚೆಂಡಿಗೆ ಎರಡು ಮೂರು ಸಲ ನೆಗೆಯುವ ಒಬ್ಬ ದಣಿವರಿಯದ ಆಟಗಾರ. ರಾಡ್ಮನ್‌ಗೆ ಬರುತ್ತಿದ್ದುದೂ ಅದೇ. ಮೊದಲ ವರ್ಷ ಸರಾಸರಿ 6.5 ಅಂಕ, 4.3 ರೀಬೌಂಡ್ ಮಾತ್ರ. ಅಂಕಿ ಸಣ್ಣದಾದರೂ ಸ್ಥಾನ ಭದ್ರವಾಯಿತು. ತರಬೇತುದಾರ ಚಕ್ ಡೇಲಿ ಅವರಿಂದ ಬಾರದ ಕೆಲಸವನ್ನು ಅಪೇಕ್ಷಿಸಲಿಲ್ಲ. ಬರುವ ಕೆಲಸಕ್ಕೆ ಬಿಟ್ಟರು.

ಮುಂದಿನದು ಎಲ್ಲರಿಗೂ ತಿಳಿದದ್ದೇ. 1992ರಿಂದ 1998ರವರೆಗೆ ಸತತ ಏಳು ಋತುಗಳಲ್ಲಿ ರೀಬೌಂಡಿನಲ್ಲಿ ಅವರೇ ಮೊದಲಿಗರು. ಡೆಟ್ರಾಯಿಟ್ ಮತ್ತು ಶಿಕಾಗೋ ತಂಡಗಳೊಡನೆ ಸೇರಿ ಐದು ಪ್ರಶಸ್ತಿಗಳು. ಚೆಂಡು ಯಾವ ಕೋನದಲ್ಲಿ ಪುಟಿಯುತ್ತದೆ ಎಂಬುದನ್ನು ಅವರು ಪಾಠದಂತೆ ಅಭ್ಯಾಸ ಮಾಡುತ್ತಿದ್ದರು. ಹೊರಗಿನವರಿಗೆ ಕಂಡದ್ದು ನೆಗೆತ. ಅದರ ಹಿಂದೆ ಇದ್ದದ್ದು ಲೆಕ್ಕಾಚಾರ.

ವಾಲೆಸ್: ಯಾರೂ ಕರೆಯದ ಹೆಸರು

1996ರ ಡ್ರಾಫ್ಟಿನಲ್ಲಿ 58 ಹೆಸರುಗಳನ್ನು ಕರೆದರು. ಅಲಬಾಮಾದ ಹಳ್ಳಿಯಿಂದ ಬಂದ, ಹನ್ನೊಂದು ಮಕ್ಕಳ ಮನೆಯ ಬೆನ್ ವಾಲೆಸ್ ಅವರ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಕಾರಣಗಳೂ ಇದ್ದವು. ಬುಟ್ಟಿಯ ಕೆಳಗೆ ನಿಂತು ಆಡುವವರಿಗೆ ಬೇಕಾದಷ್ಟು ಎತ್ತರ ಅವರಿಗಿರಲಿಲ್ಲ. ಹೊರಗೆ ನಿಂತು ಆಡುವವರಿಗೆ ಬೇಕಾದ ಎಸೆತ ಬರುತ್ತಿರಲಿಲ್ಲ. ವಾಷಿಂಗ್ಟನ್ ತಂಡ ಅವರನ್ನು ಸೇರಿಸಿಕೊಂಡಿತು. ಮೊದಲ ವರ್ಷ ಆಡಿದ್ದು 34 ಪಂದ್ಯ, ಅವೂ ಕೆಲವೇ ನಿಮಿಷ. ಸರಾಸರಿ ಸುಮಾರು ಒಂದು ಅಂಕ. ಆ ವರ್ಷದ ಅಂಕಿಗಳನ್ನು ಮಾತ್ರ ನೋಡಿದ್ದರೆ ಯಾರೂ ಎರಡನೆಯ ಅವಕಾಶ ಕೊಡುತ್ತಿರಲಿಲ್ಲ.

ಆದರೆ ಆಡಿದ ಕೆಲವೇ ನಿಮಿಷಗಳಲ್ಲಿ ಅವರು ಚೆಂಡನ್ನು ಹಿಡಿದ ವೇಗವನ್ನು ಗಮನಿಸಿದವರಿದ್ದರು. 2000ದಲ್ಲಿ ಪ್ರಸಿದ್ಧ ಆಟಗಾರ ಗ್ರಾಂಟ್ ಹಿಲ್ ಡೆಟ್ರಾಯಿಟ್ ಬಿಟ್ಟು ಆರ್ಲ್ಯಾಂಡೋಗೆ ಹೋದಾಗ, ಬದಲಿಗೆ ಡೆಟ್ರಾಯಿಟ್‌ಗೆ ಬಂದ ಇಬ್ಬರಲ್ಲಿ ವಾಲೆಸ್ ಒಬ್ಬರು. ಕಾಲಿನ ಗಾಯದಿಂದ ಹಿಲ್ ಆ ವರ್ಷ ನಾಲ್ಕೇ ಪಂದ್ಯ ಆಡಿದರು. ವಾಲೆಸ್ ನಾಲ್ಕು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. 2004ರ ಅಂತಿಮ ಸರಣಿಯಲ್ಲಿ ಡೆಟ್ರಾಯಿಟ್, ತಾರೆಗಳಿಂದ ತುಂಬಿದ್ದ ಲಾಸ್ ಏಂಜಲಿಸ್ ತಂಡವನ್ನು 4–1ರಿಂದ ಸೋಲಿಸಿತು. 2021ರಲ್ಲಿ ವಾಲೆಸ್ ಅವರ ಹೆಸರು ಸ್ಪ್ರಿಂಗ್‌ಫೀಲ್ಡಿನ ಗೌರವ ಮಂದಿರವನ್ನು ಸೇರಿತು. ಒಂದು ವಿಷಯ ನೆನಪಿಡಿ: ಫ್ರೀ ಥ್ರೋ ಎಸೆಯುವುದನ್ನು ಅವರು ಕೊನೆಯವರೆಗೂ ಕಲಿಯಲಿಲ್ಲ. ನೂರರಲ್ಲಿ ಸುಮಾರು 41 ಮಾತ್ರ ಬುಟ್ಟಿಗೆ ಬೀಳುತ್ತಿದ್ದವು. ಕೊರತೆ ಉಳಿದುಕೊಂಡೇ ಸ್ಥಾನ ಸಿಕ್ಕಿತು.

ಗ್ರೀನ್: ಅದೇ ಕಾಲು, ಎರಡು ಫಲ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಬೇಕಲ್ಲವೇ? 2005ರಲ್ಲಿ ಪ್ರೌಢಶಾಲೆಯಿಂದ ನೇರವಾಗಿ ಬಂದ ಜೆರಾಲ್ಡ್ ಗ್ರೀನ್ ಅವರನ್ನು ಬಾಸ್ಟನ್ ತಂಡ 18ನೆಯವರಾಗಿ ಆರಿಸಿತು. ನೆಗೆತದಲ್ಲಿ ಅವರಿಗೆ ಸಮನಾದವರು ಕಡಿಮೆ. 2007ರಲ್ಲಿ ನೆಗೆದು ಚೆಂಡನ್ನು ಬುಟ್ಟಿಗೆ ತುರುಕುವ ಸ್ಪರ್ಧೆಯನ್ನೂ ಗೆದ್ದರು. ಆದರೆ ಸ್ಪರ್ಧೆಯಲ್ಲಿ ಎದುರಾಳಿ ಇರುವುದಿಲ್ಲ, ಪಂದ್ಯದಲ್ಲಿ ಇರುತ್ತಾನೆ. ಯಾವಾಗ ಎಲ್ಲಿ ನಿಲ್ಲಬೇಕು, ಯಾರಿಗೆ ಅಡ್ಡ ಬರಬೇಕು ಎಂಬುದು ಒಗ್ಗಲಿಲ್ಲ. ನಾಲ್ಕು ವರ್ಷಗಳಲ್ಲಿ ನಾಲ್ಕು ತಂಡ ಬದಲಾಯಿಸಿ 2009ರ ಹೊತ್ತಿಗೆ ಅವರು ಎನ್‌ಬಿಎಯಿಂದ ಹೊರಬಿದ್ದರು. ರಷ್ಯಾಕ್ಕೆ ಹೋದರು, ಚೀನಾಕ್ಕೆ ಹೋದರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2012ರಲ್ಲಿ ಕೆಳಹಂತದ ಡಿ–ಲೀಗಿನಲ್ಲಿ ಆಡಿ, ಅಲ್ಲಿಂದ ಮತ್ತೆ ನ್ಯೂಜೆರ್ಸಿ ತಂಡಕ್ಕೆ ಬಂದರು. 2013–14ರಲ್ಲಿ ಫೀನಿಕ್ಸ್ ತಂಡದ ಪರವಾಗಿ ಒಂದೇ ಋತುವಿನಲ್ಲಿ ಮೂರು ಅಂಕದ ಎಸೆತಗಳನ್ನು 200ಕ್ಕೂ ಹೆಚ್ಚು ಬಾರಿ ಗುರಿ ಮುಟ್ಟಿಸಿದರು. ಕಾಲುಗಳು ಅವೇ, ಬಂದದ್ದು ಹೊಸದೊಂದು ವಿದ್ಯೆ. ಆದರೆ ಅದನ್ನು ಕಲಿಯಲು ಅವರು ತಂಡದ ಹೊರಗೆ, ಪರದೇಶದಲ್ಲಿ, ತಮ್ಮ ಯೌವನದ ಒಳ್ಳೆಯ ವರ್ಷಗಳನ್ನು ತೆರಬೇಕಾಯಿತು.

ಕಾಯುವ ತಂಡ, ಬದಲಾಗುವ ಆಟ

ಗ್ರೀಸಿನ ಯಾನಿಸ್ ಆಂಟೆಟೊಕೂಂಪೊ ಅವರ ಅದೃಷ್ಟ ಬೇರೆ. ನೈಜೀರಿಯಾದಿಂದ ವಲಸೆ ಬಂದ ದಂಪತಿಗಳ ಮಗ, ಅಥೆನ್ಸಿನಲ್ಲಿ ಹುಟ್ಟಿ ಅಲ್ಲಿನ ಎರಡನೆಯ ದರ್ಜೆಯ ಪಂದ್ಯಗಳಲ್ಲಿ ಆಡುತ್ತಿದ್ದವರು. 2013ರಲ್ಲಿ ಮಿಲ್ವಾಕೀ ತಂಡ ಅವರನ್ನು 15ನೆಯವರಾಗಿ ಆರಿಸಿತು. ಆಗ ಅವರಿಗೆ 18 ವರ್ಷ. ಮೊದಲ ಋತುವಿನಲ್ಲಿ ಸರಾಸರಿ 6.8 ಅಂಕ. ತಂಡ ದುರ್ಬಲವಾಗಿತ್ತು, ಆದ್ದರಿಂದಲೇ ತಪ್ಪು ಮಾಡಲು, ತಿದ್ದಿಕೊಳ್ಳಲು ಅವರಿಗೆ ಅವಕಾಶ ಸಿಕ್ಕಿತು. 2019 ಮತ್ತು 2020ರಲ್ಲಿ ವರ್ಷದ ಶ್ರೇಷ್ಠ ಆಟಗಾರರಾದರು. 2021ರಲ್ಲಿ ಪ್ರಶಸ್ತಿ ತಂದುಕೊಟ್ಟ ಪಂದ್ಯದಲ್ಲಿ ಅವರೊಬ್ಬರೇ 50 ಅಂಕ ಗಳಿಸಿದರು. ಗೆಲ್ಲಲೇಬೇಕೆಂಬ ಆತುರದ ತಂಡ ಅವರನ್ನು ಹೀಗೆ ಬೆಳೆಸುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು.

ನಮ್ಮ ದೇಶದವರೂ ಈ ಬಾಗಿಲನ್ನು ತಟ್ಟಿದ್ದಾರೆ. ಪಂಜಾಬಿನ ಬಲ್ಲೋ ಕೇ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿಗೂ ಮಿಗಿಲಾದ ಎತ್ತರದವರು, 2010ರಲ್ಲಿ ತರಬೇತಿಗಾಗಿ ಫ್ಲಾರಿಡಾಕ್ಕೆ ಹೋದರು. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಹೀಗೆ ಆಯ್ಕೆಯಾದದ್ದು ಅದೇ ಮೊದಲು. ಆದರೆ ಡಿ–ಲೀಗಿನಿಂದ ಮೇಲೇರಿ ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಅದೇ ವರ್ಷ ಗೋಲ್ಡನ್ ಸ್ಟೇಟ್ ತಂಡ ಎತ್ತರದವರನ್ನು ಹೊರಗಿಟ್ಟು, ವೇಗದವರನ್ನೂ ದೂರದಿಂದ ಎಸೆಯುವವರನ್ನೂ ನಂಬಿ ಪ್ರಶಸ್ತಿ ಗೆದ್ದಿತ್ತು. ಬುಟ್ಟಿಯ ಬಳಿ ನಿಲ್ಲುವ ನಿಧಾನ ನಡಿಗೆಯ ಎತ್ತರದವರ ಸ್ಥಾನ ಆಟದಲ್ಲಿಯೇ ಕುಗ್ಗುತ್ತಿತ್ತು. ಪ್ರಯತ್ನದಲ್ಲಿ ಕೊರತೆಯಿಲ್ಲದಿದ್ದರೂ ಕಾಲ ಅನುಕೂಲವಾಗಿರಬೇಕು ಎಂಬುದಕ್ಕೆ ಇದು ನಿದರ್ಶನ.

ಅಳತೆಗೋಲಿನ ಮಿತಿ

ಡ್ರಾಫ್ಟಿಗೆ ಮುನ್ನ ಆಟಗಾರರ ಎತ್ತರ, ತೋಳಿನ ಉದ್ದ, ನೆಗೆತ, ಓಟ ಎಲ್ಲವನ್ನೂ ಅಳೆಯುತ್ತಾರೆ. 2007ರಲ್ಲಿ 185 ಪೌಂಡ್, ಅಂದರೆ ಸುಮಾರು 84 ಕಿಲೋ ಭಾರವನ್ನು ಮಲಗಿ ಎತ್ತುವ ಪರೀಕ್ಷೆಯಲ್ಲಿ ಕೆವಿನ್ ಡುರಾಂಟ್ ಒಂದು ಸಲವೂ ಎತ್ತಲಾರದೆ ಹೋದರು. ಆದರೂ ಎರಡನೆಯವರಾಗಿ ಆಯ್ಕೆಯಾದರು. 2014ರಲ್ಲಿ ವರ್ಷದ ಶ್ರೇಷ್ಠ ಆಟಗಾರರಾದರು. ಅಳತೆ ಸುಳ್ಳಾಗಿರಲಿಲ್ಲ. ಅಳೆದದ್ದು ಆಟವನ್ನಲ್ಲ, ಅಷ್ಟೆ.

ಸ್ಥಾನಗಳ ಲೆಕ್ಕವನ್ನೂ ಮರೆಯುವಂತಿಲ್ಲ. 30 ತಂಡಗಳು, ತಂಡಕ್ಕೆ 15 ಪೂರ್ಣ ಸ್ಥಾನ, ಒಟ್ಟು 450. ಇವುಗಳಲ್ಲಿ ಹೆಚ್ಚಿನವು ಮೊದಲೇ ತುಂಬಿರುತ್ತವೆ. ವರ್ಷಕ್ಕೆ ಸುಮಾರು 60 ಹೊಸಬರ ಹೆಸರನ್ನು ಎರಡು ಸುತ್ತುಗಳಲ್ಲಿ ಕರೆಯುತ್ತಾರೆ. ಮೊದಲ ಸುತ್ತಿನವರಿಗೆ ಹಣದ ಭರವಸೆಯಿರುವ ಒಪ್ಪಂದ ಸಿಗುತ್ತದೆ. ಎರಡನೆಯ ಸುತ್ತಿನವರಿಗೆ ಅಂಥ ಖಾತರಿಯಿಲ್ಲ. ಭರವಸೆ ಕೊಟ್ಟವರನ್ನು ತಂಡ ಸುಲಭವಾಗಿ ಕೈಬಿಡುವುದಿಲ್ಲ. ಆದ್ದರಿಂದ ಸಮಾನ ಶಕ್ತಿಯ ಇಬ್ಬರಲ್ಲಿ ಒಬ್ಬನಿಗೆ ಮೂರು ವರ್ಷ ಕಲಿಯುವ ಕಾಲ ಸಿಕ್ಕರೆ, ಇನ್ನೊಬ್ಬನಿಗೆ ಮೂರು ವಾರ ಸಿಗಬಹುದು.

ಈ ಎಲ್ಲ ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಾಲ್ಕು ಪ್ರಶ್ನೆಗಳು ಉಳಿಯುತ್ತವೆ. ಈ ತರುಣ ಇಂದೇ ಚೆನ್ನಾಗಿ ಮಾಡಬಲ್ಲ ಒಂದು ಕೆಲಸ ಯಾವುದು? ಆ ಕೆಲಸ ಈ ತಂಡಕ್ಕೆ ಬೇಕೆ? ಕಳೆದ ವರ್ಷಕ್ಕಿಂತ ಈ ವರ್ಷ ಅವನು ಏನನ್ನು ಹೆಚ್ಚು ಕಲಿತಿದ್ದಾನೆ? ಮತ್ತು ಕಲಿಯುವವರೆಗೆ ಕಾಯುವ ತಾಳ್ಮೆ ತಂಡಕ್ಕೆ ಇದೆಯೆ? ಮೊದಲನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಆಟಗಾರನಲ್ಲಿದೆ. ಉಳಿದೆರಡಕ್ಕೆ ಉತ್ತರ ಅವನ ಕೈಯಲ್ಲಿಲ್ಲ. ಆಯ್ಕೆಯಾಗದವನನ್ನು ಅಸಮರ್ಥನೆಂದು ಕರೆಯುವ ಮೊದಲು ನಾವು ನೆನೆಯಬೇಕಾದದ್ದು ಇದನ್ನೇ. 1996ರಲ್ಲಿ ಪಟ್ಟಿಯಿಂದ ಹೊರಗುಳಿದ ಹೆಸರು ಇಂದು ಸ್ಪ್ರಿಂಗ್‌ಫೀಲ್ಡಿನಲ್ಲಿದೆ.

ಚರ್ಚೆಗೆ

1. ರಾಡ್ಮನ್ ಅವರು ಅಂಕ ಗಳಿಸುವವರೇ ಇಲ್ಲದ ತಂಡಕ್ಕೆ ಆಯ್ಕೆಯಾಗಿದ್ದರೆ ಅವರ ಮೊದಲ ವರ್ಷ ಹೇಗಿರುತ್ತಿತ್ತು?
2. 2005ರ ವಯಸ್ಸಿನ ನಿಯಮದಿಂದ ತಂಡಗಳಿಗೆ ಆದ ಲಾಭವೇನು? ಬಡ ಕುಟುಂಬದ ಆಟಗಾರನಿಗೆ ಆದ ನಷ್ಟವೇನು?
3. ನಿಮ್ಮ ಕಾಲೇಜಿನ ತಂಡವನ್ನು ನೀವೇ ಆರಿಸಬೇಕಾದರೆ ಕೊನೆಯ ಸ್ಥಾನವನ್ನು ಪಳಗಿದವರಿಗೆ ಕೊಡುವಿರೋ, ಪಳಗಬಹುದಾದವರಿಗೋ? ಏಕೆ?