ಅನುರಣನ ಯಂತ್ರದ ಚರಿತ್ರೆಯೂ ದೋಷಪರೀಕ್ಷೆಯೂ

ಹಡಗಲಿ ಸೀಮೆಯ ಮೈಲಾರದಲ್ಲಿ ಗೊರವಯ್ಯನು ನುಡಿಯುವ ಕಾರಣಿಕವು ಬಯಲಿನಲ್ಲಿ ಲೀನವಾಗುತ್ತದೆ; ಬಿಜಾಪುರದ ಗೋಲಗುಮ್ಮಟದಲ್ಲಿ ಆಡಿದ ಮಾತು ಮರಳಿ ಮರಳಿ ಕೇಳಿಬರುತ್ತದೆ. ಗೋಡೆಗಳ ಈ ಗುಣವನ್ನು ಬಯಲಿನಲ್ಲಿಯೂ ಪಡೆಯುವ ಯತ್ನದ ಫಲವೇ ಗಿಟಾರಿನ ವಾಲ್ವು ಧ್ವನಿವರ್ಧಕದಲ್ಲಿರುವ ಅನುರಣನ ವ್ಯವಸ್ಥೆ.

ಇದು ಮೊದಲು ಹುಟ್ಟಿದುದು ದೂರವಾಣಿಯ ಕ್ಷೇತ್ರದಲ್ಲಿ. ದೀರ್ಘ ತಂತಿಮಾರ್ಗದಲ್ಲಿ ಧ್ವನಿಗೆ ಒದಗುವ ವಿಳಂಬವನ್ನು ಅನುಕರಿಸಲು ಅಮೆರಿಕದ ಬೆಲ್ ಪ್ರಯೋಗಶಾಲೆಯು ಸ್ಪ್ರಿಂಗುಗಳನ್ನು ಬಳಸಿತು. ಲಾರೆನ್ಸ್ ಹ್ಯಾಮಂಡನು ಆ ತತ್ತ್ವವನ್ನು ತನ್ನ ವಿದ್ಯುತ್ ಆರ್ಗನ್ನಿಗೆ ಅಳವಡಿಸಿದನು. 1963ರಲ್ಲಿ ಫೆಂಡರ್ ಸಂಸ್ಥೆಯು ‘ವೈಬ್ರೋವರ್ಬ್’ ಎಂಬ ಮಾದರಿಯಲ್ಲಿ ಅದನ್ನು ಗಿಟಾರಿನ ಧ್ವನಿವರ್ಧಕದೊಳಗೇ ಸೇರಿಸಿತು.

ಈ ಪರಂಪರೆಯನ್ನು ಬಲ್ಲವನಿಗೆ ದೋಷಪರೀಕ್ಷೆ ಸುಲಭ. ದೂರವಾಣಿಯಲ್ಲಿರುವಂತೆ ಇಲ್ಲಿಯೂ ಕಳುಹಿಸುವ ತುದಿ, ನಡುವಣ ಹಾದಿ, ಸ್ವೀಕರಿಸುವ ತುದಿ ಎಂದು ಮೂರು ಮಜಲುಗಳು: ಸ್ಪ್ರಿಂಗನ್ನು ಕಂಪಿಸುವ ವಾಲ್ವು ಮತ್ತು ಟ್ರಾನ್ಸ್‌ಫಾರ್ಮರು, ಸ್ಪ್ರಿಂಗಿನ ಪೆಟ್ಟಿಗೆ, ಕ್ಷೀಣಿಸಿದ ಧ್ವನಿಯನ್ನು ಮತ್ತೆ ವರ್ಧಿಸುವ ವಾಲ್ವು. ಅನುರಣನವು ನಿಂತುಹೋದಾಗ ಅದರ ಗುಂಡಿಯನ್ನು ಏರಿಸಿ ಪೆಟ್ಟಿಗೆಯನ್ನು ಮೆಲ್ಲನೆ ಅಲುಗಿಸಬೇಕು. ಗುಡುಗಿನಂತಹ ಸದ್ದು ಬಂದರೆ ಸ್ವೀಕರಿಸುವ ತುದಿಯು ಸುಸ್ಥಿತಿಯಲ್ಲಿದೆ. ದೋಷವನ್ನು ಕಳುಹಿಸುವ ತುದಿಯಲ್ಲಿಯೋ ಪೆಟ್ಟಿಗೆಯ ಪ್ರವೇಶ ಸುರುಳಿಯಲ್ಲಿಯೋ ಅರಸಬೇಕು. ಸದ್ದೇ ಬಾರದಿದ್ದರೆ ನಿರ್ಗಮ ಸುರುಳಿ, ಅದರ ತಂತಿ ಮತ್ತು ಕೊನೆಯ ವಾಲ್ವು ಪರೀಕ್ಷಾರ್ಹ. ವಾಲ್ವು ಯಂತ್ರದೊಳಗಿನ ವಿದ್ಯುತ್ತು ಪ್ರಾಣಾಂತಿಕವಾದುದರಿಂದ, ಒಳಗೆ ಕೈಯಿಡದೆ ಮಾಡಬಹುದಾದ ಈ ಪರೀಕ್ಷೆಗೆ ಮೊದಲ ಸ್ಥಾನ ಸಲ್ಲುತ್ತದೆ. ಕೂದಲೆಳೆಯಂತಹ ಒಂದು ತಂತಿ ತುಂಡಾದ ಮಾತ್ರಕ್ಕೆ ಇಡೀ ಯಂತ್ರವನ್ನು ಮೂಲೆಗೆ ಹಾಕಬೇಕಾಗಿಲ್ಲ.