ಹಿತ್ತಾಳೆ ವಾದ್ಯವೂ ಮಹಾಮಾರಿಯೂ

ಎರಡು ಮಹಾಯುದ್ಧಗಳು ನಿಲ್ಲಿಸಲಾರದೆ ಹೋದ ಒಂದು ವಾದ್ಯಸ್ಪರ್ಧೆಯನ್ನು ಕಣ್ಣಿಗೆ ಕಾಣದ ಒಂದು ವೈರಾಣು ನಿಲ್ಲಿಸಿತು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಬೆಲ್ ವ್ಯೂ ಉದ್ಯಾನದಲ್ಲಿ 1853ರಲ್ಲಿ ಆರಂಭವಾದ ಹಿತ್ತಾಳೆ ವಾದ್ಯವೃಂದಗಳ ಸ್ಪರ್ಧೆ 1859 ಒಂದನ್ನು ಬಿಟ್ಟರೆ ಪ್ರತಿವರ್ಷವೂ ನಡೆದುಬಂದಿತ್ತು. 2020ರಲ್ಲಿ ಅದು ನಡೆಯಲಿಲ್ಲ. ಈ ಒಂದು ಸಂಗತಿಯ ಹಿಂದಿನ ಚರಿತ್ರೆಯನ್ನು ಹುಡುಕುತ್ತ ಹೋದಂತೆ, ಇದು ಬರಿಯ ಸಂಗೀತದ ಮಾತಲ್ಲ, ಮನುಷ್ಯರು ಒಟ್ಟಿಗೆ ಕುಳಿತು ಉಸಿರಾಡುವುದರ ಮಾತು ಎಂದು ನನಗೆ ತೋರಿತು.

ಬ್ಯಾಂಡ್ ಎಂದರೆ ನಮ್ಮಲ್ಲಿ ಮದುವೆಯ ಮೆರವಣಿಗೆ ಕಣ್ಣಮುಂದೆ ಬರುತ್ತದೆ. ಉತ್ತರ ಇಂಗ್ಲೆಂಡಿನಲ್ಲಿ ಅದು ಗಿರಣಿಯ ಮತ್ತು ಗಣಿಯ ಕೂಲಿಗಾರರ ಸಂಗೀತ. ಕ್ವೀನ್ಸ್‌ಬರಿ ಎಂಬ ಊರಿನ ಉಣ್ಣೆ ಗಿರಣಿಯ ಹೆಸರಿನಲ್ಲಿ 1855ರಲ್ಲಿ ಹುಟ್ಟಿದ ಬ್ಲ್ಯಾಕ್ ಡೈಕ್ ವೃಂದ ಇಂದಿಗೂ ಉಂಟು. ಗ್ರೈಮ್‌ಥಾರ್ಪ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ 1917ರಲ್ಲಿ ಒಂದು ವೃಂದ ಹುಟ್ಟಿತು. ಗಣಿ 1993ರಲ್ಲಿ ಮುಚ್ಚಿತು, ವೃಂದ ಮಾತ್ರ ಉಳಿಯಿತು. ಇಂಥ ವೃಂದವೊಂದರಲ್ಲಿ ಸುಮಾರು 28 ಜನ. ಕಾರ್ನೆಟ್, ಯುಫೋನಿಯಂ, ಟ್ರೋಂಬೋನ್, ಟ್ಯೂಬಾ, ಜೊತೆಗೆ ಡೋಲು. ಅಜ್ಜನೂ ಮೊಮ್ಮಗಳೂ ಒಂದೇ ಸಾಲಿನಲ್ಲಿ ಕೂಡುವುದು ಅಲ್ಲಿ ಅಪರೂಪವಲ್ಲ. ಆದ್ದರಿಂದಲೇ ಪಿಡುಗು ಬಂದಾಗ ಅಲ್ಲಿ ಪಣವಾಗಿದ್ದುದು ಒಂದು ಸಂಜೆಯ ಮನರಂಜನೆಯಲ್ಲ; ಒಂದು ಕಡೆ ಅಜ್ಜನ ಪ್ರಾಣ, ಇನ್ನೊಂದು ಕಡೆ ಮೊಮ್ಮಗಳಿಗೆ ದಾಟಬೇಕಾದ ವಿದ್ಯೆ.

ಪಿಡುಗು ಹೊಸದಲ್ಲ. 1918ರ ಇನ್‌ಫ್ಲುಯೆಂಜ ಇದಕ್ಕಿಂತ ಭಯಂಕರವಾಗಿತ್ತು. ಆಗ ಮ್ಯಾಂಚೆಸ್ಟರ್ ನಗರದ ಆರೋಗ್ಯಾಧಿಕಾರಿಯಾಗಿದ್ದ ಜೇಮ್ಸ್ ನಿವೆನ್ ಎಂಬಾತ, ರೋಗಿಗಳು ಮನೆಯಲ್ಲೇ ಉಳಿಯಬೇಕು, ಜನಸಂದಣಿಯನ್ನು ಬಿಡಬೇಕು ಎಂದು ಕರಪತ್ರ ಹಂಚಿಸಿದ. ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯದಲ್ಲಿ ಸೆಪ್ಟೆಂಬರ್ 28ರಂದು ಯುದ್ಧಸಾಲಕ್ಕಾಗಿ ದೊಡ್ಡ ಮೆರವಣಿಗೆ ನಡೆಯಿತು. ಬ್ಯಾಂಡುಗಳು ಮುಂದೆ ನಡೆದವು. ಸುಮಾರು ಎರಡು ಲಕ್ಷ ಜನ ಬೀದಿಯ ಎರಡು ಬದಿಗೂ ಒತ್ತಿ ನಿಂತರು. ಕೆಲವೇ ದಿನಗಳಲ್ಲಿ ಆ ನಗರದ ಆಸ್ಪತ್ರೆಗಳಲ್ಲಿ ಹಾಸಿಗೆ ಉಳಿಯಲಿಲ್ಲ. ಅಲ್ಲಿ ಕೆಡುಕು ಮಾಡಿದ್ದು ಸಂದಣಿಯೇ ಹೊರತು ತುತ್ತೂರಿಯಲ್ಲ. ಊದುವವನ ಉಸಿರಿನಲ್ಲಿ ಏನಿದೆಯೆಂದು ಅಳೆಯುವ ಸಾಧನ ಆಗ ಯಾರಲ್ಲಿಯೂ ಇರಲಿಲ್ಲ.

2020ರಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟದ್ದು ಒಂದು ಹಾಡುಗಾರರ ತಂಡ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಮಾರ್ಚ್ 10ರ ಸಂಜೆ 61 ಮಂದಿ ಎರಡೂವರೆ ಗಂಟೆ ಕಾಲ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು. ಬಳಿಕ ರೋಗಕ್ಕೆ ತುತ್ತಾದವರೆಂದು ಎಣಿಸಿದವರು 53 ಜನ. 33 ಮಂದಿಗೆ ಪರೀಕ್ಷೆಯಿಂದ ಖಚಿತವಾಯಿತು, ಉಳಿದ 20 ಮಂದಿಗೆ ರೋಗಲಕ್ಷಣಗಳಿಂದ ಊಹಿಸಿದ್ದು. ಇಬ್ಬರು ತೀರಿಕೊಂಡರು. ಹಾಡಿನಿಂದ ಹೀಗಾದರೆ, ಎದೆತುಂಬ ಗಾಳಿ ಎಳೆದು ಊದುವವರ ಗತಿಯೇನು? ಇಡೀ ಜಗತ್ತಿನ ವಾದ್ಯಗಾರರಲ್ಲಿ ಈ ಅಂಜಿಕೆ ಹಬ್ಬಿತು.

ಆಗ ವಿಜ್ಞಾನಿಗಳು ವಾದ್ಯಗಾರರನ್ನು ಪ್ರಯೋಗಶಾಲೆಗೆ ಕರೆದರು. ಅಮೆರಿಕದಲ್ಲಿ ಕೊಲರಾಡೊ, ಮೇರಿಲ್ಯಾಂಡ್, ಮಿನೆಸೋಟ ವಿಶ್ವವಿದ್ಯಾಲಯಗಳು, ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಈ ಕೆಲಸಕ್ಕೆ ಕೈಹಾಕಿದರು. ಕಂಡದ್ದು ಸ್ವಾರಸ್ಯವಾಗಿದೆ. ಉಸಿರಿನಲ್ಲಿ ಎರಡು ಬಗೆಯ ಹನಿಗಳುಂಟು. ದಪ್ಪ ಹನಿ ವಾದ್ಯದ ಕೊಳವೆಯೊಳಗೇ ಅಂಟಿ ನೀರಾಗಿ ನಿಲ್ಲುತ್ತದೆ. ಅತಿ ಸೂಕ್ಷ್ಮವಾದದ್ದು ಮಾತ್ರ ವಾದ್ಯದ ಬಾಯಿಂದ ಹೊರಬಂದು ಹೊಗೆಯಂತೆ ಕೋಣೆಯಲ್ಲಿ ತೇಲುತ್ತದೆ. ಹೊರಬರುವ ಗಾಳಿ ಬಿರುಗಾಳಿಯಲ್ಲ. ನಾದ ದೂರ ಹೋಗುತ್ತದೆ, ಉಸಿರು ಹತ್ತಿರದಲ್ಲೇ ಸೋಲುತ್ತದೆ.

ಮಿನೆಸೋಟದವರು ಅಲ್ಲಿನ ದೊಡ್ಡ ವಾದ್ಯಗೋಷ್ಠಿಯವರನ್ನು ಕೂರಿಸಿ ಅಳೆದಾಗ, ಹೆಚ್ಚು ಕಣಗಳನ್ನು ಬಿಟ್ಟದ್ದು ಟ್ರಂಪೆಟ್, ಬಾಸ್ ಟ್ರೋಂಬೋನ್ ಮತ್ತು ಓಬೋ. ಗಾತ್ರದಲ್ಲಿ ಆನೆಯಂತಿರುವ ಟ್ಯೂಬಾದಿಂದ ಬಂದದ್ದು ಸುಮ್ಮನೆ ಕುಳಿತವನ ಉಸಿರಿಗಿಂತಲೂ ಕಡಿಮೆ! ಉದ್ದವಾದ ಸುರುಳಿ ಕೊಳವೆಯಲ್ಲಿ ಹಾದುಬರುವಷ್ಟರಲ್ಲಿ ಹನಿಗಳು ಗೋಡೆಗೆ ಅಂಟಿಬಿಡುತ್ತವೆ. ಬ್ರಿಸ್ಟಲಿನವರು ಕಂಡ ಇನ್ನೊಂದು ಸತ್ಯ: ಏನು ಮಾಡುತ್ತೀರಿ ಎನ್ನುವುದಕ್ಕಿಂತ ಎಷ್ಟು ಗಟ್ಟಿಯಾಗಿ ಮಾಡುತ್ತೀರಿ ಎನ್ನುವುದು ಮುಖ್ಯ. ಒಂದೇ ಗಟ್ಟಿಯಲ್ಲಿ ಹಾಡಿದವನಿಗೂ ಮಾತಾಡಿದವನಿಗೂ ಹೆಚ್ಚಿನ ಅಂತರವಿರಲಿಲ್ಲ. ದನಿ ಏರಿದಾಗ ಕಣಗಳು ಬಹುಪಾಲು ಹೆಚ್ಚಿದವು.

ಈ ಅಳತೆಗಳಿಂದ ನಿಯಮಗಳು ಹುಟ್ಟಿದವು. ಬಯಲಿನಲ್ಲಿ ನುಡಿಸುವುದು ಎಲ್ಲಕ್ಕಿಂತ ಮೇಲು. ಒಳಗಾದರೆ ಎತ್ತರದ ಮಾಡು, ತೆರೆದ ಕಿಟಕಿ, ಒಬ್ಬರಿಗೊಬ್ಬರ ನಡುವೆ ಎರಡು ಮೀಟರು. ಎದುರುಬದುರಾಗಿ ಕೂರದೆ ಪಕ್ಕಪಕ್ಕದಲ್ಲಿ ಅಥವಾ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು. ಟ್ರೋಂಬೋನ್ ಹಿಡಿದವನಿಗೆ ಮುಂದೆ ಇನ್ನೂ ಹೆಚ್ಚು ಜಾಗ. ವಾದ್ಯದ ಬಾಯಿಗೆ ಒತ್ತಾದ ಬಟ್ಟೆಯ ಟೊಪ್ಪಿಗೆ. ಅಮೆರಿಕದವರ ಸಲಹೆಯಂತೆ ಒಂದು ಸಲಕ್ಕೆ 30 ನಿಮಿಷ ನುಡಿಸಿ, ಹೊರಬಂದು, ಕೋಣೆಯ ಗಾಳಿ ಬದಲಾದ ಮೇಲೆ ಮರಳುವುದು. ಕೊಳವೆಯಲ್ಲಿ ಕೂಡಿದ ನೀರನ್ನು ಹಳೆಯ ರೂಢಿಯಂತೆ ನೆಲಕ್ಕೆ ಚೆಲ್ಲದೆ ಬಟ್ಟೆಗೆ ಹಿಂಡಿ ಎಸೆಯುವುದು. ಸ್ವರಲಿಪಿಯ ಹಾಳೆ, ಅದನ್ನಿಡುವ ಪೀಠ, ಪೆನ್ಸಿಲು ಎಲ್ಲವೂ ಅವರವರದೇ.

ಹೇಳಲು ಸುಲಭ. ಆದರೆ ವೃಂದದ ಜೀವಾಳ ಇರುವುದೇ ಒತ್ತಾಗಿ ಕೂರುವುದರಲ್ಲಿ. ಕುದುರೆಲಾಳದಂತೆ ಬಾಗಿ, ಭುಜಕ್ಕೆ ಭುಜ ತಗುಲುವಂತೆ ಕುಳಿತು, ಪಕ್ಕದವನು ಉಸಿರೆಳೆಯುವ ಸದ್ದನ್ನು ಕೇಳಿಯೇ ಅವರು ಒಟ್ಟಿಗೆ ಸ್ವರ ಎತ್ತುತ್ತಾರೆ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. 12 ಮೀಟರು ದೂರ ಕುಳಿತವನಿಗೆ ಅದು ಮುಟ್ಟಲು ಸೆಕೆಂಡಿನ ಮೂವತ್ತನೆಯ ಒಂದು ಪಾಲು ಬೇಕು. ಇದು ಅಲ್ಪವೆಂದು ನಮಗೆ ತೋರಬಹುದು. ದ್ರುತಗತಿಯಲ್ಲಿ ನುಡಿಸುವವನಿಗೆ ತಾಳ ತಪ್ಪಲು ಅಷ್ಟು ಸಾಕು. ಪ್ರಾಣ ಉಳಿಸುವ ಅಂತರವೇ ಮೇಳವನ್ನು ಒಡೆಯುವ ಅಂತರವೂ ಆಯಿತು.

ಕೂಡಲಾಗದ ಕಾಲದಲ್ಲಿ ಮನೆಯಿಂದಲೇ ನುಡಿಸಿದರು. ವೇಲ್ಸಿನ ಕೋರಿ ವೃಂದದವರು 2020ರಲ್ಲಿ ಅಂತರ್ಜಾಲದಲ್ಲೇ ಒಂದು ಸ್ಪರ್ಧೆ ಏರ್ಪಡಿಸಿದರು. ಒಬ್ಬೊಬ್ಬರು ತಮ್ಮ ತಮ್ಮ ಪಾಲನ್ನು ಕಿವಿಯಲ್ಲಿ ತಾಳದ ಟಿಕ್‌ಟಿಕ್ ಕೇಳುತ್ತ ಮುದ್ರಿಸಿ ಕಳುಹಿಸುವುದು, ಒಬ್ಬರು ಅವನ್ನೆಲ್ಲ ಹೊಲಿದು ಒಂದು ಮಾಡುವುದು, ಇದು ಆ ದಿನಗಳ ಪದ್ಧತಿ. ಅದರಲ್ಲಿ ಸ್ವರ ಕೂಡುತ್ತಿತ್ತು, ಉಸಿರು ಕೂಡುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಮಾರ್ಚ್ 23, 2020ರಂದು ಮುಚ್ಚಿದ ಬಾಗಿಲು ಆಗಸ್ಟ್ ನಡುವೆ ಅರೆ ತೆರೆಯಿತು. ನವೆಂಬರಿನಲ್ಲಿ ಮತ್ತೆ ಮುಚ್ಚಿತು, ಜನವರಿ 2021ರಲ್ಲಿ ಮೂರನೆಯ ಸಲ ಮುಚ್ಚಿತು. ಕೊನೆಯ ನಿರ್ಬಂಧಗಳು ಸಡಿಲವಾದದ್ದು ಜುಲೈ 19, 2021ರಂದು. ಸ್ಯಾಡಲ್‌ವರ್ತ್ ಸುತ್ತಿನ ಹಳ್ಳಿಗಳಲ್ಲಿ 1884ರಿಂದ ಬಂದಿರುವ ವಿಟ್ ಶುಕ್ರವಾರದ ಸ್ಪರ್ಧೆ, ಅಂದರೆ ಬ್ಯಾಂಡುಗಳು ಹಳ್ಳಿಯಿಂದ ಹಳ್ಳಿಗೆ ಓಡಾಡಿ, ಮುಚ್ಚಿದ ಗಾಡಿಯೊಳಗೆ ಕುಳಿತ ತೀರ್ಪುಗಾರನಿಗೆ ಮುಖ ಕಾಣದಂತೆ ನುಡಿಸುವ ಆ ಹಬ್ಬ, ಎರಡು ವರ್ಷ ತಪ್ಪಿ 2022ರಲ್ಲಿ ಮರಳಿತು. ಎರಡು ವರ್ಷ ಎಂದರೆ ಹತ್ತು ವಯಸ್ಸಿನ ಕಲಿಯುವ ಮಗುವಿಗೆ ಬಹು ದೊಡ್ಡ ಕಾಲವಲ್ಲವೆ?

ನಮ್ಮ ನಾಡಿನ ಬ್ಯಾಂಡ್‌ಸೆಟ್ಟಿನವರ ಪಾಡು ಇನ್ನೂ ಬೇರೆ. ಅಲ್ಲಿಯ ಹವ್ಯಾಸಿಗೆ ತಪ್ಪಿದ್ದು ಸಂತೋಷ. ಇಲ್ಲಿಯವನಿಗೆ ತಪ್ಪಿದ್ದು ಅನ್ನ. 2020ರ ಯುಗಾದಿಯ ದಿನ, ಮಾರ್ಚ್ 25ರಂದೇ, ದೇಶವೆಲ್ಲ ಬಾಗಿಲು ಹಾಕಿತು. ಯುಗಾದಿ ಕಳೆದು ವೈಶಾಖದ ಲಗ್ನಗಳು ಬಂದರೆ ತಾನೆ ಕಹಳೆಗೂ ವಾಲಗಕ್ಕೂ ಕರೆ? ಆಮೇಲೆ ಮದುವೆಗೆ ಐವತ್ತೇ ಜನ ಎಂಬ ಕಟ್ಟಳೆ ಬಂದಾಗ, ಆ ಐವತ್ತರಲ್ಲಿ ಬೀಗರನ್ನು ಬಿಟ್ಟು ಬ್ಯಾಂಡಿನವರನ್ನು ಎಣಿಸುವವರು ಯಾರು? ಮೈಸೂರಿನ ದಸರಾ ಮೆರವಣಿಗೆಯೇ ಆ ವರ್ಷ ಅರಮನೆಯ ಆವರಣ ದಾಟಲಿಲ್ಲ. ಎರಡು ಮೀಟರು ಅಂತರದ ನಿಯಮ ಕೆಲಸವಿದ್ದವರಿಗೆ. ಕೆಲಸವೇ ಇಲ್ಲದವನ ತುತ್ತೂರಿ ಗೂಟಕ್ಕೆ ತೂಗಿ ಕಿಲುಬು ಹಿಡಿಯಿತು.

2022ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಮತ್ತೆ ಅಳೆದು, ಊದುವ ವಾದ್ಯದಿಂದ ಬರುವ ಕಣಗಳು ಮಾತು ಮತ್ತು ಉಸಿರಿನಷ್ಟೇ, ಆರಡಿಯೊಳಗೆ ಅವುಗಳ ಓಟ ಕುಂದುತ್ತದೆ ಎಂದು ತೋರಿಸಿದರು. ಹಾಗಾದರೆ ಮೊದಲಿನ ಎಚ್ಚರವೆಲ್ಲ ವ್ಯರ್ಥವೆ? ನನಗೆ ಹಾಗೆ ತೋರುವುದಿಲ್ಲ. ಕಣಗಳ ಓಟ ಆರಡಿಗೆ ಕುಂದಿದರೂ ಅವು ಮಾಯವಾಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ತೇಲಿ ಕೂಡುತ್ತಲೇ ಇರುತ್ತವೆ. ವಾದ್ಯ ಅಪರಾಧಿಯಲ್ಲವೆಂದು ಖಚಿತವಾದ ಮೇಲೂ, ಇಕ್ಕಟ್ಟಾದ ಕೋಣೆ ಅಪರಾಧಿಯಾಗಿಯೇ ಉಳಿಯಿತು. ಬಟ್ಟೆಯ ಟೊಪ್ಪಿಗೆಗಳನ್ನು ತೆಗೆದಿಡಬಹುದು. ಅಭ್ಯಾಸದ ಕೋಣೆಗೆ ಕಿಟಕಿ ಬೇಕು, ಜ್ವರವಿದ್ದವನು ಅಂದು ಮನೆಯಲ್ಲಿರಬೇಕು ಎಂಬ ಎರಡು ಪಾಠಗಳನ್ನು ತೆಗೆದಿಡಲಾಗದು.