ಹೊಗೆಮನೆಯಿಂದ ಪೆಲೆಟ್ ಗ್ರಿಲ್‌ಗೆ: ಅಮೆರಿಕದ ಹ್ಯಾಮ್ ನಡೆದು ಬಂದ ದಾರಿ

ಹಂದಿಯ ಹಿಂಗಾಲಿನ ತೊಡೆಯನ್ನು ಉಪ್ಪಿನಲ್ಲಿ ಹದಗೊಳಿಸಿ, ತಿಂಗಳುಗಟ್ಟಲೆ ಕೆಡದಂತೆ ಇಟ್ಟುಕೊಳ್ಳುವ ಪದಾರ್ಥವೇ ಹ್ಯಾಮ್. ರೋಮಿನ ಕೇಟೊ ಕ್ರಿ.ಪೂ. 160ರ ಸುಮಾರಿಗೆ ಬರೆದ ಬೇಸಾಯದ ಪುಸ್ತಕದ ಕೊನೆಯಲ್ಲಿ ಇದನ್ನು ಮಾಡುವ ಕ್ರಮವಿದೆ. ತೊಡೆಗಳನ್ನು ದೊಡ್ಡ ಜಾಡಿಯಲ್ಲಿ ಉಪ್ಪಿನೊಂದಿಗೆ ಪದರಪದರವಾಗಿ ಜೋಡಿಸಬೇಕು. ಐದು ದಿನಗಳಾದ ಮೇಲೆ ಮೇಲಿನವನ್ನು ಕೆಳಗೂ ಕೆಳಗಿನವನ್ನು ಮೇಲೂ ಮಾಡಬೇಕು. ಹನ್ನೆರಡು ದಿನ ಕಳೆದ ಬಳಿಕ ಹೊರತೆಗೆದು, ಉಪ್ಪು ಒರೆಸಿ, ಎರಡು ದಿನ ಗಾಳಿಗೆ ತೂಗುಹಾಕಬೇಕು. ಆಮೇಲೆ ಎಣ್ಣೆ ಸವರಿ ಎರಡು ದಿನ ಹೊಗೆಯಲ್ಲಿಟ್ಟು, ಕೊನೆಗೆ ಎಣ್ಣೆ ಮತ್ತು ವಿನೆಗರ್ ಹಚ್ಚಿ ಉಗ್ರಾಣಕ್ಕೆ ಸೇರಿಸಿದರೆ ಹುಳ ಮುಟ್ಟುವುದಿಲ್ಲ ಎನ್ನುತ್ತಾನೆ ಕೇಟೊ. ಎರಡು ಸಾವಿರ ವರ್ಷಗಳಾದರೂ ಇದರ ಮೂಲ ಕ್ರಮ ಹೆಚ್ಚು ಬದಲಾಗಿಲ್ಲ.

ಕೇಟೊ ಉಪ್ಪಿಗೆ ಕೊಟ್ಟದ್ದು ಹನ್ನೆರಡು ದಿನ, ಹೊಗೆಗೆ ಎರಡೇ ದಿನ. ಮಾಂಸವನ್ನು ಕಾಪಾಡುವುದು ಉಪ್ಪು. ಅದು ಒಳಗಿನ ನೀರನ್ನು ಎಳೆದು ಹಾಕಿ ಸೂಕ್ಷ್ಮಜೀವಿಗಳಿಗೆ ನೆಲೆಯಿಲ್ಲದಂತೆ ಮಾಡುತ್ತದೆ. ಹೊಗೆಯಲ್ಲಿರುವ ಫೀನಾಲ್‌ನಂಥ ವಸ್ತುಗಳು ಮಾಂಸದ ಮೇಲ್ಮೈಗೆ ಮಾತ್ರ ಅಂಟಿಕೊಂಡು ನೊಣಗಳನ್ನು ದೂರವಿಡುತ್ತವೆ, ಕೊಬ್ಬು ಬೇಗ ಕಮಟಾಗದಂತೆ ತಡೆಯುತ್ತವೆ. ಹೊಗೆ ಹಿಡಿಸಿದರೆ ಸಾಕು, ಮಾಂಸ ಕೆಡುವುದಿಲ್ಲ ಎಂಬ ನಂಬಿಕೆ ಇಂದಿಗೂ ಇದೆ, ಅದು ತಪ್ಪು.

ಅಮೆರಿಕ ಖಂಡದಲ್ಲಿ ಸಾಕುಹಂದಿ ಇರಲಿಲ್ಲ. ಕೊಲಂಬಸ್ 1493ರ ತನ್ನ ಎರಡನೆಯ ಯಾನದಲ್ಲಿ ಹಂದಿಗಳನ್ನು ಕೆರಿಬಿಯನ್ ದ್ವೀಪಗಳಿಗೆ ತಂದ. ಸ್ಪೇನಿನ ಹೆರ್ನಾಂಡೊ ಡಿ ಸೋಟೊ 1539ರಲ್ಲಿ ಫ್ಲಾರಿಡಾಕ್ಕೆ ಇಳಿದಾಗ ಅವನ ಪಡೆಯ ಹಿಂದೆ ಹಂದಿಗಳ ಹಿಂಡೂ ಇತ್ತು. 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ ಇಂಗ್ಲಿಷರ ಹಂದಿಗಳು ಎಷ್ಟು ಬೇಗ ಹೆಚ್ಚಿದವೆಂದರೆ, ಅವನ್ನು ಜೇಮ್ಸ್ ನದಿಯ ಒಂದು ದ್ವೀಪಕ್ಕೆ ಸಾಗಿಸಬೇಕಾಯಿತು. ಆ ಜಾಗಕ್ಕೆ ಇಂದಿಗೂ ಹಾಗ್ ಐಲೆಂಡ್ ಎಂದೇ ಹೆಸರು.

ಅದೇ ನದಿಯ ಆಸುಪಾಸಿನ ಊರುಗಳಲ್ಲಿ ವರ್ಜೀನಿಯಾ ಹ್ಯಾಮ್ ರೂಪುಗೊಂಡಿತು. ಕಡಿಯುವ ಕೆಲಸ ಡಿಸೆಂಬರ್, ಜನವರಿಯ ಚಳಿಯಲ್ಲೇ ಆಗಬೇಕು. ಇಲ್ಲವಾದರೆ ಉಪ್ಪು ಮೂಳೆಯವರೆಗೆ ಇಳಿಯುವ ಮೊದಲೇ ಮಾಂಸ ಹಳಸುತ್ತದೆ. ಉಪ್ಪಿನ ಜೊತೆ ಚೂರು ಪೆಟ್ಲುಪ್ಪು ಬೆರೆಸುತ್ತಿದ್ದರು. ಹ್ಯಾಮ್‌ನ ಗುಲಾಬಿ ಬಣ್ಣ ಅದರಿಂದ ಬರುತ್ತದೆ. ಕೆಲವು ವಾರಗಳ ನಂತರ ತೊಡೆಗಳನ್ನು ತೊಳೆದು ಹೊಗೆಮನೆಯಲ್ಲಿ ತೂಗುಹಾಕುತ್ತಿದ್ದರು. ಕಿಟಕಿಯಿಲ್ಲದ ಚೌಕಾಕಾರದ ಪುಟ್ಟ ಕಟ್ಟಡ, ಮಣ್ಣಿನ ನೆಲದ ನಡುವೆ ಬೆಂಕಿಯ ಗುಂಡಿ, ಬಾಗಿಲಿಗೆ ಭದ್ರವಾದ ಬೀಗ. ಮನೆಯ ಇಡೀ ವರ್ಷದ ಮಾಂಸ ಅದರೊಳಗಿರುತ್ತಿದ್ದುದರಿಂದ ಆ ಬೀಗ. ಹಿಕರಿ, ಓಕ್ ಅಥವಾ ಸೇಬಿನ ಮರದ ಬೆಂಕಿ ಉರಿಯದೆ ಕಮರುತ್ತಿರಬೇಕು. ಉರಿದರೆ ಕೊಬ್ಬು ಕರಗುತ್ತದೆ, ಆರಿದರೆ ಹೊಗೆ ನಿಲ್ಲುತ್ತದೆ. ಹೊಗೆ ಹಿಡಿದ ತೊಡೆಗಳು ಬೇಸಿಗೆಯನ್ನೂ ಅಲ್ಲೇ ಕಳೆದು, ಒಣಗಿ, ಗಟ್ಟಿಯಾಗಿ, ಘಾಟು ವಾಸನೆ ಪಡೆಯುತ್ತಿದ್ದವು.

ಹಗಲೂ ರಾತ್ರಿಯೂ ಆ ಬೆಂಕಿ ಕಾದವರು ಯಾರು? ದೊಡ್ಡ ತೋಟಗಳಲ್ಲಿ ಅದು ಗುಲಾಮಗಿರಿಗೆ ಸಿಕ್ಕಿದ ಕಪ್ಪು ಜನರ ಕೆಲಸ. 1786ರಲ್ಲಿ ಜಾರ್ಜ್ ವಾಷಿಂಗ್ಟನ್ ಫ್ರಾನ್ಸಿನ ತಮ್ಮ ಗೆಳೆಯ ಲಫಾಯೆಟ್‌ಗೆ ಒಂದು ಪೀಪಾಯಿ ಹ್ಯಾಮ್ ಕಳಿಸಿದರು. ವರ್ಜೀನಿಯಾದ ಮನೆಯೊಡತಿಯರು ಇಂಥ ಮಾಂಸ ಮಾಡುವುದರಲ್ಲಿ ಹೆಮ್ಮೆಪಡುತ್ತಾರೆ ಎಂದು ಜೊತೆಗಿನ ಪತ್ರದಲ್ಲಿ ಬರೆದರು. ಉಪ್ಪು ತಿಕ್ಕಿದವರ, ಹೊಗೆ ಕುಡಿದವರ ಹೆಸರು ಅಂಥ ಪತ್ರಗಳಲ್ಲಿ ಬರುವುದಿಲ್ಲ. ಕೀರ್ತಿಯೆಲ್ಲ ಬೀಗದ ಕೈ ಹಿಡಿದವರಿಗೆ ಹೋಯಿತು.

ಹ್ಯಾಮ್ ಮಾರಾಟದ ಸರಕಾದ ಕಥೆಯಲ್ಲಿ ಮುಖ್ಯವಾದ ಊರು ಸ್ಮಿತ್‌ಫೀಲ್ಡ್. ಅಲ್ಲಿನ ವ್ಯಾಪಾರಿ ಮ್ಯಾಲರಿ ಟಾಡ್ 1779ರಲ್ಲಿ ಕೆರಿಬಿಯನ್‌ನ ಸೇಂಟ್ ಯೂಸ್ಟೇಷಿಯಸ್ ದ್ವೀಪಕ್ಕೆ ಹ್ಯಾಮ್ ರವಾನಿಸಿದ ದಾಖಲೆಯಿದೆ. ಕೊಯ್ಲು ಮುಗಿದ ಕಡಲೆಕಾಯಿ ಹೊಲಗಳಿಗೆ ಹಂದಿಗಳನ್ನು ಬಿಡುತ್ತಿದ್ದುದರಿಂದ ಅಲ್ಲಿನ ಮಾಂಸದ ಕೊಬ್ಬು ಮೆದುವಾಗಿ, ಎಣ್ಣೆಯಂಶದಿಂದ ಕೂಡಿರುತ್ತಿತ್ತು. ಹೆಸರಿನ ದುರ್ಬಳಕೆ ತಡೆಯಲು ವರ್ಜೀನಿಯಾ ಶಾಸನಸಭೆ 1926ರಲ್ಲಿ ಕಾನೂನನ್ನೇ ಮಾಡಿತು: ಕಡಲೆಕಾಯಿ ತಿಂದ ಹಂದಿಯಾಗಿರಬೇಕು, ಉಪ್ಪು ಮತ್ತು ಹೊಗೆಯ ಕೆಲಸ ಸ್ಮಿತ್‌ಫೀಲ್ಡ್ ಊರಿನೊಳಗೇ ನಡೆದಿರಬೇಕು. ಕಡಲೆಕಾಯಿಯ ಷರತ್ತನ್ನು 1966ರಲ್ಲಿ ಕೈಬಿಟ್ಟರು. 1902ರಲ್ಲಿ ಹದಗೊಳಿಸಿದ ಒಂದು ಹ್ಯಾಮ್ ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಅದರ ಮಾಲೀಕ ಪಿ. ಡಿ. ಗ್ವಾಲ್ಟ್ನಿ ಅದಕ್ಕೆ ಹಿತ್ತಾಳೆಯ ಕೊರಳಪಟ್ಟಿ ತೊಡಿಸಿ, ಸಾಕುಪ್ರಾಣಿಯಂತೆ ಜೊತೆಗೆ ಕರೆದೊಯ್ದು ಜನರಿಗೆ ತೋರಿಸುತ್ತಿದ್ದ. ಜಾಹೀರಾತಾಗಿ ಇದು ತಮಾಷೆಯೇ. ಆದರೆ ಹಳೆಯ ಪದ್ಧತಿಯ ಬಾಳಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇಷ್ಟರಲ್ಲಿ ಮಾಂಸದ ವ್ಯಾಪಾರ ಕಾರ್ಖಾನೆ ಸೇರಿತ್ತು. ಮೊದಲು ಸಿನ್ಸಿನಾಟಿ, 1865ರಲ್ಲಿ ಯೂನಿಯನ್ ಸ್ಟಾಕ್‌ಯಾರ್ಡ್ ತೆರೆದ ಮೇಲೆ ಶಿಕಾಗೊ ಹಂದಿಮಾಂಸದ ರಾಜಧಾನಿಗಳಾದವು. ಮಂಜುಗಡ್ಡೆಯಿಂದ ತಂಪಾಗಿಟ್ಟ ರೈಲು ಬೋಗಿಗಳು ಬಂದಾಗ ಚಳಿಗಾಲಕ್ಕೆ ಕಾಯುವ ಅಗತ್ಯ ತಪ್ಪಿತು. ಪೆಟ್ಲುಪ್ಪಿನ ನೈಟ್ರೇಟ್ ಮಾಂಸದಲ್ಲಿ ನಿಧಾನವಾಗಿ ನೈಟ್ರೈಟ್ ಆಗಿ ಮಾರ್ಪಟ್ಟ ಮೇಲೆಯೇ ಕೆಲಸ ಮಾಡುತ್ತದೆ ಎಂದು ರಸಾಯನಶಾಸ್ತ್ರಜ್ಞರು ಕಂಡುಕೊಂಡರು. ನೇರವಾಗಿ ಸೋಡಿಯಂ ನೈಟ್ರೈಟ್ ಬಳಸಲು ಅಮೆರಿಕದ ಕೃಷಿ ಇಲಾಖೆ 1925ರಲ್ಲಿ ಒಪ್ಪಿತು. ಉಪ್ಪುನೀರನ್ನು ಸೂಜಿಯಿಂದ ಮಾಂಸದೊಳಗೇ ಚುಚ್ಚಿ ತುಂಬುವ ವಿಧಾನ ಇದಕ್ಕೆ ಸೇರಿಕೊಂಡಾಗ ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. 1926ರಲ್ಲಿ ಹಾರ್ಮೆಲ್ ಕಂಪನಿ ಡಬ್ಬಿಯಲ್ಲಿ ತುಂಬಿದ ಹ್ಯಾಮ್ ಮಾರುಕಟ್ಟೆಗೆ ತಂದಿತು. ಸ್ಮಿತ್‌ಫೀಲ್ಡ್ ಕಾನೂನಾದದ್ದೂ ಅದೇ ವರ್ಷ.

ಹೊಸ ಹ್ಯಾಮ್ ಅಗ್ಗವಾಗಿತ್ತು, ಮೆತ್ತಗಿತ್ತು, ಬೇಯಿಸಿಯೇ ಬರುತ್ತಿತ್ತು. ಆದರೆ ನೀರು ಕಳೆದುಕೊಂಡು ರುಚಿ ಗಟ್ಟಿಯಾಗುವ ಹಂತವೇ ಅದರಲ್ಲಿರಲಿಲ್ಲ. ಸಪ್ಪೆಯಾದ ಮಾಂಸಕ್ಕೆ ಹೊರಗಿನಿಂದ ರುಚಿ ಕೊಡಬೇಕಾಯಿತು. ಲವಂಗ ಚುಚ್ಚಿ, ಸಕ್ಕರೆ ಸವರಿ ಸುಡುವ ಪದ್ಧತಿ ಹಿಂದೆಯೂ ಇತ್ತು. ಆದರೆ ಸಿಹಿ ಲೇಪವಿಲ್ಲದೆ ಹಬ್ಬದ ಹ್ಯಾಮ್ ಇಲ್ಲ ಎನ್ನುವಂತಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಕಂದು ಸಕ್ಕರೆ ಅಥವಾ ಜೇನು, ಸಾಸಿವೆ, ವಿನೆಗರ್ ಕುದಿಸಿ ಎಳೆ ಪಾಕದ ಹದಕ್ಕೆ ತಂದರೆ ಲೇಪ ಸಿದ್ಧ. ಅನಾನಸ್ ಇದರೊಳಗೆ ಬಂದದ್ದು ಹವಾಯಿಯಿಂದ. ಜೇಮ್ಸ್ ಡೋಲ್ 1901ರಲ್ಲಿ ಅಲ್ಲಿ ಕಂಪನಿ ಕಟ್ಟಿದ. ಅವನ ಎಂಜಿನಿಯರ್ ಹೆನ್ರಿ ಜಿನಾಕಾ 1911ರಲ್ಲಿ ಹಣ್ಣಿನ ಸಿಪ್ಪೆ ಮತ್ತು ನಡುದಿಂಡು ತೆಗೆಯುವ ಯಂತ್ರ ರೂಪಿಸಿದ ಮೇಲೆ ಡಬ್ಬಿಯ ಅನಾನಸ್ ಬಿಲ್ಲೆ ದೇಶದ ಅಡುಗೆಮನೆಗಳಿಗೆಲ್ಲ ತಲುಪಿತು. ಬಿಲ್ಲೆಯ ನಡುವೆ ಒಂದು ಕೆಂಪು ಚೆರ್ರಿ ಇಟ್ಟ ಹ್ಯಾಮ್ ಕ್ರಿಸ್‌ಮಸ್ ಮತ್ತು ಈಸ್ಟರ್ ಮೇಜಿನ ಗುರುತಾಯಿತು. 1957ರಲ್ಲಿ ಹ್ಯಾರಿ ಹೋನ್ಸೆಲಾರ್ ಡೆಟ್ರಾಯಿಟ್‌ನಲ್ಲಿ ಹನಿಬೇಕ್ಡ್ ಅಂಗಡಿ ತೆರೆದು, ಮೂಳೆಯ ಸುತ್ತ ಸುರುಳಿಯಾಗಿ ಕತ್ತರಿಸಿದ ಹ್ಯಾಮ್ ಮಾರತೊಡಗಿದ. ನೋಡಲು ಅಂದ, ಬಡಿಸಲು ಸುಲಭ. ಆದರೆ ಹೋಳುಗಳ ನಡುವಿನಿಂದ ತೇವ ಆರಿ ಮಾಂಸ ಬೇಗ ಒಣಗುತ್ತದೆ.

ಲೇಪದಿಂದ ಸಿಹಿ ಬಂತು. ಹೊಗೆ ಮರಳಿ ಬರಲು ಇನ್ನೂ ಕಾಲ ಬೇಕಾಯಿತು. ಬಂದದ್ದೂ ಮಾಂಸದ ಉದ್ಯಮದಿಂದಲ್ಲ, ಮನೆ ಬೆಚ್ಚಗಿಡುವ ಉದ್ಯಮದಿಂದ. 1973ರಲ್ಲಿ ತೈಲದ ಬೆಲೆ ಏರಿದಾಗ ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಸಾಮಿಲ್‌ಗಳ ಮರದ ಹೊಟ್ಟಿನ ಕಡೆಗೆ ಜನರ ಕಣ್ಣು ಹೊರಳಿತು. ಹೊಟ್ಟನ್ನು ಒಣಗಿಸಿ ಭಾರೀ ಒತ್ತಡದಲ್ಲಿ ತೂತುಗಳ ಮೂಲಕ ದಬ್ಬಿದರೆ ಮರದೊಳಗಿನ ಲಿಗ್ನಿನ್ ಶಾಖಕ್ಕೆ ಮೆತ್ತಗಾಗಿ ಅಂಟಿನಂತೆ ಹಿಡಿಯುತ್ತದೆ. ಸುಮಾರು 6 ಮಿಲಿಮೀಟರ್ ದಪ್ಪದ ಪೆಲೆಟ್ ಸಿಗುತ್ತದೆ. ಆರೆಗನ್ ರಾಜ್ಯದ ಮೌಂಟ್ ಏಂಜೆಲ್ ಎಂಬ ಸಣ್ಣ ಊರಿನಲ್ಲಿ ಒಲೆಗಳ ವ್ಯಾಪಾರ ಮಾಡುತ್ತಿದ್ದ ಕುಟುಂಬದ ಜೋ ಟ್ರೇಗರ್ ಇದೇ ಪೆಲೆಟ್ಟನ್ನು ಅಡುಗೆಗೆ ಹೊಂದಿಸಿ 1980ರ ದಶಕದ ನಡುವೆ ಮೊದಲ ಪೆಲೆಟ್ ಗ್ರಿಲ್ ತಯಾರಿಸಿದ. ಅದರ ಪೇಟೆಂಟ್ 2006ರಲ್ಲಿ ಮುಗಿಯಿತು. ಅನಂತರ ಬೇರೆ ಕಂಪನಿಗಳು ಸಾಲುಗಟ್ಟಿ ಬಂದವು. ಟ್ರೇಗರ್ ಕಂಪನಿಯೂ ಕುಟುಂಬದ ಕೈಬಿಟ್ಟು, ಯೂಟಾ ರಾಜ್ಯಕ್ಕೆ ಹೋಗಿ, 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಇಳಿಯಿತು.

ಯಂತ್ರದ ರಚನೆ ಸರಳ. ಬದಿಯ ಪೆಟ್ಟಿಗೆಯಿಂದ ಪೆಲೆಟ್‌ಗಳನ್ನು ವಿದ್ಯುತ್ತಿನಿಂದ ತಿರುಗುವ ತಿರುಪೊಂದು ಬೆಂಕಿಯ ಬಟ್ಟಲಿಗೆ ದೂಡುತ್ತದೆ. ಕಾದ ಸರಳು ಬೆಂಕಿ ಹೊತ್ತಿಸುತ್ತದೆ, ಫ್ಯಾನ್ ಗಾಳಿಯೂದುತ್ತದೆ, ಶಾಖ ಅಳೆಯುವ ನಿಯಂತ್ರಕ ತಿರುಪಿನ ವೇಗವನ್ನು ಹೆಚ್ಚುಕಡಿಮೆ ಮಾಡುತ್ತದೆ. ಹೊಗೆಮನೆಯ ಕಾವಲುಗಾರನ ಕೆಲಸವನ್ನು ಮಾಡುವುದು ಈ ನಿಯಂತ್ರಕವೇ. ಒಂದು ಕೊರತೆಯಿದೆ: ಫ್ಯಾನ್ ಊದಿದ ಬೆಂಕಿ ಶುದ್ಧವಾಗಿ ಉರಿಯುವುದರಿಂದ ಹೊಗೆ ತೆಳು. ಸೌದೆಯ ಒಲೆಯಲ್ಲಿ ಪಳಗಿದವರು ಇದನ್ನು ಒಪ್ಪದಿರುವುದಕ್ಕೆ ಕಾರಣವಿದೆ. ಶಾಖ ಕಡಿಮೆಯಿದ್ದಷ್ಟೂ ಹೊಗೆ ಹೆಚ್ಚು. ಹಾಗಾಗಿ ಹ್ಯಾಮ್‌ಗೆ 107ರಿಂದ 121 ಡಿಗ್ರಿ ಸೆಲ್ಸಿಯಸ್ ಇಡುವುದು ವಾಡಿಕೆ.

ಗ್ರಿಲ್‌ಗೆ ಹೋಗುವ ಹ್ಯಾಮ್ ಬಹುಪಾಲು ಕಾರ್ಖಾನೆಯಲ್ಲಿ ಮೊದಲೇ ಬೆಂದದ್ದು. ಸೇಬು, ಚೆರ್ರಿ ಅಥವಾ ಹಿಕರಿಯ ಪೆಲೆಟ್ ಹೊಗೆಯಲ್ಲಿ ಕೆಲವು ಗಂಟೆ ಇಟ್ಟು, ಒಳಗಿನ ಶಾಖ 60 ಡಿಗ್ರಿ ತಲುಪಿದರೆ ಸಾಕು. ಹಸಿ ತೊಡೆಯಾದರೆ 63 ಡಿಗ್ರಿ ಮುಟ್ಟಿಸಿ ಮೂರು ನಿಮಿಷ ಬಿಡಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಲೇಪ ಹಚ್ಚುವುದು ಕೊನೆಯ ಅರ್ಧ ಗಂಟೆಯಲ್ಲಿ; ಮೊದಲೇ ಹಚ್ಚಿದರೆ ಸಕ್ಕರೆ ಸೀದು ಕಹಿಯಾಗುತ್ತದೆ. ಕೋಣೆ ಬೆಚ್ಚಗಿಡಲು ಮಾರುವ ಪೆಲೆಟ್‌ನಲ್ಲಿ ರಾಳವಿರುವ ಮರ ಸೇರಿರಬಹುದಾದ್ದರಿಂದ ಅದನ್ನು ಅಡುಗೆಗೆ ಬಳಸಬಾರದು.

ವರ್ಜೀನಿಯಾದ ಹಳೆಯ ಪದ್ಧತಿಯ ಹ್ಯಾಮನ್ನು ನೇರವಾಗಿ ಈ ಗ್ರಿಲ್ ಮೇಲಿಟ್ಟರೆ ತಿನ್ನಲಾಗದಷ್ಟು ಉಪ್ಪು. ಅದನ್ನು ಮೊದಲು ಒಂದು ಹಗಲು ಒಂದು ರಾತ್ರಿಯಾದರೂ ನೀರಿನಲ್ಲಿ ನೆನೆಸಬೇಕು, ಅದಕ್ಕೆ ಇನ್ನೊಂದು ಹೊಗೆಯೂ ಬೇಕಿಲ್ಲ. ಪೆಲೆಟ್ ಗ್ರಿಲ್ ಇರುವುದು ನೀರು ತುಂಬಿದ ಕಾರ್ಖಾನೆ ಹ್ಯಾಮ್‌ಗಾಗಿ. ಅದಕ್ಕೆ ಹೊಗೆಯ ವಾಸನೆಯನ್ನೂ ಮೇಲ್ಪದರದ ಬಣ್ಣವನ್ನೂ ಅದು ಚೆನ್ನಾಗಿಯೇ ಕೊಡುತ್ತದೆ. ಆರು ತಿಂಗಳ ಕಾಲ ಒಣಗಿ ಬರುವ ರುಚಿಯನ್ನು ಕೊಡಲಾರದು.